ವಳಕಮದಿನ್ನಿಯ ದ್ವಿಪಕ್ವ

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಸೀಮೆಗೆ ನಮ್ಮ ಪ್ರಾಚೀನರು ಎಡೆದೊರೆ ನಾಡೆಂದು ಹೆಸರಿಟ್ಟರು. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಎಡೆದೊರೆ, ಹೆಸರು ಅನ್ವರ್ಥವಾದುದು. ಈ ನೆಲಕ್ಕಾಗಿ ಅರಸರು ತಲೆತಲಾಂತರವಾಗಿ ಕಾದಾಡಿದರೆಂಬುದನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಇಂದು ನೋಡುವುದಕ್ಕೆಂದೇ ಇಲ್ಲಿಗೆ ಬರುವವರು ವಿರಳ. ಹಂಪೆಯನ್ನು ಕಂಡವರು ಹೊಳೆಯನ್ನು ದಾಟಿ ಉತ್ತರಕ್ಕೆ ಮುಖಮಾಡುವುದು ಅಪರೂಪ. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ ಮೂರು ಊರುಗಳು ಬಳ್ಳಾರಿಯಿಂದ ಜೇವರ್ಗಿಯ ಕಡೆಗೆ ಹೋಗುವ ಒಂದೇ ಹೆದ್ದಾರಿಯಲ್ಲಿ ಮಣಿಗಳಂತೆ ಪೋಣಿಸಲ್ಪಟ್ಟಿರುವುವು. ಈ ಸೀಮೆಯ ಗ್ರಾಮನಾಮಗಳಲ್ಲಿ ‘ದಿನ್ನಿ’ ಎಂಬ ಪದವು ಮತ್ತೆ ಮತ್ತೆ ಕಿವಿಗೆ ಬೀಳುವುದು. ನಾವು ಪುಸ್ತಕದಲ್ಲಿ ದಿನ್ನೆಯೆಂದು ಬರೆಯುವುದೇ ಇಲ್ಲಿಯವರ ಬಾಯಲ್ಲಿ ದಿನ್ನಿ. ಎಂದರೆ ಎತ್ತರದ ನೆಲ. ಸಮುದ್ರದಂತೆ ಸಮನಾಗಿ ಹರಡಿದ ಎರೆಭೂಮಿಯಲ್ಲಿ ಆಳೆತ್ತರದ ಏರೂ ಒಂದು ಊರಿಗೆ ಹೆಸರು ಕೊಡಲು ಸಾಕಾಗುವುದು. ನಾನು ಹೇಳಹೊರಟಿರುವ ವಳಕಮದಿನ್ನಿಯೂ ಇಂತಹುದೊಂದು ಗ್ರಾಮ.

ಕಳೆದ ಮಾಘಮಾಸದಲ್ಲಿ ನಾನು ಸಿಂಧನೂರಿನಿಂದ ಮಸ್ಕಿಯ ಕಡೆಗೆ ಬಸ್ಸಿನಲ್ಲಿ ಹೊರಟೆನು. ಸಿಂಧನೂರಿನ ಸುತ್ತ ಕಣ್ಣು ಹಾಯುವವರೆಗೆ ಗದ್ದೆಗಳು. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಪೂರ್ತಿಯಾಗಿ, ಎಡದಂಡೆಯ ಕಾಲುವೆಯ ನೀರು ಈ ಕಡೆಗೆ ಹರಿದ ಮೇಲೆ ಜೋಳ ಸಜ್ಜೆಗಳ ನಾಡು ಭತ್ತದ ಕಣಜವಾಯಿತು. ಪೂರ್ವಬಂಗಾಳದಿಂದ ಬಂದ ನಿರಾಶ್ರಿತರ ವಸತಿಗಳೂ ಈ ತಾಲ್ಲೂಕಿನಲ್ಲಿವೆ. ಭತ್ತದ ಬೇಸಾಯ ಅವರಿಗೆ ಹೊಸದಲ್ಲ. ಮಸ್ಕಿ ಸಮೀಪಿಸಿದಂತೆ ನೀರಿನ ಹೊಳಪು ಕುಂದಿ, ಹತ್ತಿ, ತೊಗರಿ, ಜೋಳಗಳ ಕಪ್ಪುಹೊಲಗಳು ಕಾಣತೊಡಗುವುವು. ಮಳೆಯನ್ನೇ ನಂಬಿದ ಈ ಹೊಲಗಳಲ್ಲಿ ಸಜ್ಜೆಯು ಇನ್ನೂ ಬದುಕಿಕೊಂಡಿದೆ. ಈ ಲೇಖನದಲ್ಲಿ ಸಜ್ಜೆಗೆ ಮುಖ್ಯವಾದ ಪಾತ್ರವಿರುವುದರಿಂದ ಅದನ್ನು ಇಲ್ಲಿಯೇ ಹೆಸರಿಸಿರುವೆನು.

ಮಸ್ಕಿಯಲ್ಲಿ ಇಳಿದವನಿಗೆ ಅಲ್ಲಿಯ ಶಿಲಾಶಾಸನವನ್ನು ನೋಡದೆ ಮುಂದೆ ಹೋಗುವ ಮನಸ್ಸಾಗಲಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರರು ಇದನ್ನು ಕಂಡುಹಿಡಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಸ್ವಂತ ನಾಮಧೇಯವಿರಲಿಲ್ಲ. ಅಶೋಕನೆಂಬ ಹೆಸರು ಮಸ್ಕಿಯ ಬಂಡೆಯ ಮೇಲೆ ದೊರೆತು, ಪಂಡಿತರ ಊಹೆಗೆ ಸಾಕ್ಷಿ ನಿಂತಿತು. ದೇವತೆಗಳಿಗೆ ಪ್ರಿಯನೆಂಬ ಆ ಬಿರುದನ್ನು ತರುವಾಯದ ವೈಯಾಕರಣರು ಮೂರ್ಖನೆಂಬ ಅರ್ಥದಲ್ಲಿ ಬಳಸಿದರೆಂಬುದು ಸಂಸ್ಕೃತ ವ್ಯಾಸಂಗ ಮಾಡಿದವರಿಗೆ ಗೊತ್ತು. ಚಕ್ರವರ್ತಿಯ ಬಿರುದಿಗೂ ಇಂತಹ ದುರ್ಗತಿ ಒದಗುವುದಾದರೆ ಉಳಿದವರ ಪಾಡೇನು! ಇರಲಿ. ಬಿರುದುಗಳ ಹಿಂದೆ ಅಡಗಿದ ಹೆಸರಿನ ಈ ಪ್ರಸಂಗವು ಅದೇ ಸಾಯಂಕಾಲ ನನಗೆ ಬೇರೊಂದು ಸಂದರ್ಭದಲ್ಲಿ ಪ್ರಯೋಜನಕ್ಕೆ ಬಂದಿತು.

ಮಸ್ಕಿಯಿಂದ ಟಂಟಂ ಹಿಡಿದು ವಳಕಮದಿನ್ನಿಗೆ ತಲುಪಿದೆನು. ಅಲ್ಲಿ ನನ್ನ ತಂಗಿಯ ಮನೆಯಿದೆ. ತಂಗಿ ವಿಧವೆ, ಮಗನು ಹಟ್ಟಿಯ ಚಿನ್ನದ ಗಣಿಯ ಕಡೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬಂದುಹೋಗುವನು, ಮನೆಯಲ್ಲಿ ಸೊಸೆ ಮತ್ತು ಏಳು ವರ್ಷದ ಮೊಮ್ಮಗ. ತಂಗಿಗೆ ಮಧುಮೇಹವು ತಗುಲಿ ಎಂಟು ವರ್ಷಗಳಾದವು. ಈ ಸಲ ಹೋದಾಗ ಆಕೆಯ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದಿತು. ಹೊಲದಲ್ಲಿ ಕೂಳೆ ಚುಚ್ಚಿದ ಸಣ್ಣ ಗಾಯ. ಮೂರು ತಿಂಗಳಾದರೂ ಮಾಯಲಿಲ್ಲ. ರಕ್ತದಲ್ಲಿಯ ಸಕ್ಕರೆ ಇಳಿಯದಿದ್ದರೆ ಬೆರಳನ್ನು ತೆಗೆಯಬೇಕಾದೀತೆಂದು ವೈದ್ಯರು ಎಚ್ಚರಿಸಿದ್ದರು. ಆಕೆ ಅನ್ನವನ್ನು ಬಿಟ್ಟಿದ್ದಳು, ಚಹಕ್ಕೆ ಸಕ್ಕರೆಯನ್ನು ಬಿಟ್ಟಿದ್ದಳು, ಹಬ್ಬದ ಹೋಳಿಗೆಯನ್ನು ಬಿಟ್ಟಿದ್ದಳು. ಆದರೂ ಪ್ರತಿ ತಿಂಗಳು ಪರೀಕ್ಷೆಯ ಅಂಕಿಗಳು ಇಳಿಯಲೊಲ್ಲವು.

ಕಾರಣವನ್ನು ಸೊಸೆ ನನಗೆ ಗುಟ್ಟಿನಲ್ಲಿ ತಿಳಿಸಿದಳು. “ಮಾವಾರ, ಅತ್ತಿಯವ್ರು ದಿನಾ ಸಂಜಿಗೆ ಕರಿ ಬಿಸ್ಕಿಟು ತಿಂತಾರ. ಒಂದಲ್ಲ, ನಾಕು.”

ವಿಷಯವೇನೆಂದರೆ, ಹುಡುಗನು ಶಾಲೆಯಿಂದ ಬಂದೊಡನೆ ಕಿರಾಣಿ ಅಂಗಡಿಯಿಂದ ಒಂದು ಪೊಟ್ಟಣ ತರುವನು. ಎರಡು ಕಪ್ಪು ಬಿಲ್ಲೆಗಳ ನಡುವೆ ಬಿಳಿಯ ಕ್ರೀಮನ್ನು ಇಟ್ಟ, ಈಗ ಎಲ್ಲ ಹಳ್ಳಿಗಳಲ್ಲಿಯೂ ತೂಗಾಡುವ ಅದೇ ಚಾಕೊಲೇಟ್ ಬಿಸ್ಕತ್ತು. ಅಜ್ಜಿ ಮೊಮ್ಮಗ ಕಟ್ಟೆಯ ಮೇಲೆ ಕುಳಿತುಕೊಳ್ಳುವರು. ಹುಡುಗನು ಬಿಸ್ಕತ್ತನ್ನು ತಿರುವಿ ಬಿಡಿಸಿ, ಕ್ರೀಮು ಅಂಟಿದ ಬಿಲ್ಲೆಯನ್ನು ತಾನಿಟ್ಟುಕೊಂಡು ಬರಿಯ ಬಿಲ್ಲೆಯನ್ನು ಅಜ್ಜಿಗೆ ಕೊಡುವನು. ಹೀಗೆ ನಾಲ್ಕು ಬಿಲ್ಲೆಗಳು. ಈ ಸಮಯದಲ್ಲಿ ಶಾಲೆಯ ವರದಿ, ಜಗಳಗಳ ವಿಚಾರಣೆ, ಕಥೆ, ಎಲ್ಲವೂ ನಡೆಯುವುದು. ತಂಗಿಯನ್ನು ಕೇಳಿದಾಗ ಆಕೆ ಮುಚ್ಚಿಡಲಿಲ್ಲ.

“ಅಣ್ಣಾ, ಬಿಸ್ಕಿಟು ಬಿಡಾಕ ನನಗೇನೂ ತ್ರಾಸಿಲ್ಲ. ಆದ್ರ ಆ ಹುಡುಗ ಕೈ ಚಾಚಿ ನಿಂತಾಗ ಒಲ್ಲೆ ಅಂತ ಹೆಂಗ ಅನ್ಲಿ?”

ನಾನು ಆ ಪೊಟ್ಟಣವನ್ನು ತರಿಸಿ, ಕನ್ನಡಕವನ್ನು ಏರಿಸಿಕೊಂಡು, ಅದರ ಬೆನ್ನಿನ ಮೇಲಿನ ಸೂಕ್ಷ್ಮಾಕ್ಷರಗಳನ್ನು ಓದಿದೆನು. ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲು ಬರುವುದು ಹೆಚ್ಚು, ಕಡೆಗೆ ಬರುವುದು ಅತ್ಯಲ್ಪ. ಮೈದಾಹಿಟ್ಟಿನ ಪಕ್ಕದಲ್ಲಿಯೇ ಸಕ್ಕರೆ. ಸ್ವಲ್ಪ ಕೆಳಗೆ ಇನ್ವರ್ಟ್ ಸಿರಪ್ ಎಂಬ ಮತ್ತೊಂದು ಹೆಸರು. ಇತರ ಪೊಟ್ಟಣಗಳಲ್ಲಿ ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್ ಎಂದೂ ಇರುವುದು. ಇವೆಲ್ಲವೂ ಸಕ್ಕರೆಯ ಬಿರುದುಗಳೇ. ಮಸ್ಕಿಯ ಬಂಡೆಯಂತೆ ನಿಜನಾಮವನ್ನು ಹೇಳುವ ಸಾಲೊಂದು ಅದೇ ಪೊಟ್ಟಣದ ಮೇಲೆ ಉಂಟು: ನೂರು ಗ್ರಾಂ ಪದಾರ್ಥದಲ್ಲಿ ಒಟ್ಟು ಸಕ್ಕರೆಯೆಷ್ಟೆಂಬ ಸಾಲು. ಗೃಹಿಣಿಯರು ಆ ಒಂದು ಸಾಲನ್ನು ಓದಲು ಕಲಿತರೆ ಸಾಕು, ಮಿಕ್ಕ ಬಿರುದಾವಳಿಯನ್ನು ಬಿಡಬಹುದು. ಇಂತಹ ಕ್ರೀಮು ಬಿಸ್ಕತ್ತುಗಳಲ್ಲಿ ಅದು ಸಾಮಾನ್ಯವಾಗಿ ಮೂವತ್ತೈದರಿಂದ ನಲವತ್ತು ಗ್ರಾಂ ಇರುವುದು.

ಸಕ್ಕರೆಯನ್ನು ದೂರುವ ಮುನ್ನ ಅದು ನಮ್ಮದೇ ನಾಡಿನ ವಸ್ತುವೆಂದು ಒಪ್ಪಬೇಕು. ಸಂಸ್ಕೃತದ ಶರ್ಕರಾ ಎಂಬ ಪದಕ್ಕೆ ಹರಳುಮಣ್ಣು, ಮರಳೆಂಬುದೇ ಮೂಲಾರ್ಥ. ಮರಳಿನಂತಹ ಹರಳಾದುದರಿಂದ ಸಿಹಿವಸ್ತುವಿಗೂ ಅದೇ ಹೆಸರು. ಪಾರಸಿಕರ, ಅರಬರ ಮೂಲಕ ಅದು ಯೂರೋಪಿನ ಭಾಷೆಗಳನ್ನೆಲ್ಲ ಸೇರಿತು. ಖಂಡವೆಂಬ ಪದವೂ ಹಾಗೆಯೇ ಹೋಗಿ ಕ್ಯಾಂಡಿಯಾಯಿತು. ಸಕ್ಕರೆಯನ್ನು ಲೋಕಕ್ಕೆ ಕೊಟ್ಟ ನಮ್ಮವರೇ ಅದರ ಕೇಡನ್ನೂ ಬಲ್ಲವರಾಗಿದ್ದರು. ಚರಕ, ಸುಶ್ರುತ ಸಂಹಿತೆಗಳಲ್ಲಿ ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿರುವರು. ಅವುಗಳಲ್ಲಿ ಮಧುಮೇಹವೂ ಒಂದು. ಕುಳಿತೇ ಇರುವ ಸುಖ, ನಿದ್ರೆಯ ಸುಖ, ಹೊಸಧಾನ್ಯ, ಬೆಲ್ಲದ ವಿಕಾರಗಳು, ಇವನ್ನು ಕಾರಣಗಳೆಂದು ಚರಕಸಂಹಿತೆ ಹೇಳುವುದು. ರೋಗಿಗಳ ಆಹಾರದಲ್ಲಿ ಜವೆಗೋದಿಗೆ ಮೇಲಿನ ಸ್ಥಾನ ಕೊಡುವುದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಈ ರೋಗವುಂಟು.

‘ಬೆಲ್ಲದ ವಿಕಾರಗಳು’ ಎಂಬ ಮಾತನ್ನು ನಾನು ಆ ದಿನ ಬೇಕೆಂದೇ ಎತ್ತಿದೆನು. ಪಕ್ಕದ ಮನೆಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಬಂದು ಕುಳಿತು, “ಸಕ್ರಿ ಬ್ಯಾಡ, ಬೆಲ್ಲ ಹಾಕಿ ಮಾಡ್ರಿ, ಏನೂ ಆಗಂಗಿಲ್ಲ” ಎಂದು ಸೊಸೆಗೆ ಉಪದೇಶಿಸುತ್ತಿದ್ದರು. ಈ ಭ್ರಾಂತಿ ಅವರೊಬ್ಬರದಲ್ಲ. ವಿದ್ಯಾವಂತರ ಮನೆಗಳಲ್ಲಿಯೂ ಉಂಟು. ಬೆಲ್ಲದಲ್ಲಿ ನೂರಕ್ಕೆ ಸುಮಾರು 85 ಭಾಗ ಸಕ್ಕರೆಯ ಜಾತಿಯೇ. ಸ್ವಲ್ಪ ಖನಿಜಾಂಶ ಹೆಚ್ಚು, ಪರಿಮಳ ಬೇರೆ, ಬಣ್ಣ ಬೇರೆ. ಆದರೆ ರಕ್ತಕ್ಕೆ ಸೇರಿದ ಮೇಲೆ ಮಧುಮೇಹಿಗೆ ಅವೆರಡಕ್ಕೂ ಹೆಚ್ಚು ಅಂತರವಿಲ್ಲ. ಖರ್ಜೂರ, ಜೇನುಗಳ ವಿಷಯವೂ ಇದಕ್ಕೆ ಬಹು ದೂರವಲ್ಲ. ಕಡಮೆ ಸಕ್ಕರೆಯ ತಿಂಡಿ ಮಾಡಬೇಕಾದರೆ ಸಿಹಿಯನ್ನೇ ಕಡಮೆ ಮಾಡಬೇಕು. ಹಿರಿಯರು ಇದನ್ನು ಒಪ್ಪಲಿಲ್ಲ. ತಮ್ಮ ತಂದೆ ದಿನಕ್ಕೆ ಅಂಗೈಯಗಲದ ಬೆಲ್ಲ ತಿಂದು ಬಹುಕಾಲ ಬಾಳಿದರೆಂದರು. ಆ ತಂದೆಯವರು ದಿನವಿಡೀ ಮಡಕೆ ಹೊಡೆಯುತ್ತಿದ್ದರೆಂಬುದನ್ನು ನಾನು ನೆನಪಿಸಿದ ಮೇಲೆ ಮಾತು ಮಳೆಬೆಳೆಯ ಕಡೆಗೆ ತಿರುಗಿತು.

ಸೊಸೆಯು ಮಾತ್ರ ಸುಮ್ಮನೆ ಕುಳಿತವಳಲ್ಲ. ನಾನು ಹೋಗುವುದಕ್ಕೆ ಒಂದು ತಿಂಗಳ ಮುಂಚಿನಿಂದಲೇ ಆಕೆ ಮನೆಯಲ್ಲಿ ಬಿಸ್ಕತ್ತು ಮಾಡಲು ಹವಣಿಸುತ್ತಿದ್ದಳು. “ಬಿಸ್ಕಿಟು ಬಿಡಿಸಿದ್ರ ಸಂಜಿಗೆ ಇಬ್ರೂ ಕಟ್ಟಿ ಮ್ಯಾಲ ಕೂಡಾದೇ ಇಲ್ಲ ಮಾವಾರ. ಅದಕ ಇಬ್ರೂ ತಿನ್ನುವಂಥಾದು ಮಾಡಬೇಕು” ಎಂಬುದು ಆಕೆಯ ಸಂಕಲ್ಪ. ಇದರಲ್ಲಿ ಎಷ್ಟು ವಿವೇಕವಿದೆಯೆಂದು ನಾನು ಆ ರಾತ್ರಿ ಬಹಳ ಹೊತ್ತು ಆಲೋಚಿಸಿದೆನು.

ಬಿಸ್ಕತ್ತೆಂಬ ಪದವು ಲ್ಯಾಟಿನ್ ಮೂಲದ್ದು. ಎರಡು ಸಲ ಬೇಯಿಸಿದುದೆಂದು ಅರ್ಥ. ಸಂಸ್ಕೃತದಲ್ಲಿ ದ್ವಿಪಕ್ವವೆನ್ನಬಹುದು. ಹಡಗಿನವರು ತಿಂಗಳುಗಟ್ಟಲೆ ಕೆಡದಂತೆ ಇಡಲು ರೊಟ್ಟಿಯನ್ನು ಒಮ್ಮೆ ಸುಟ್ಟು, ಮತ್ತೆ ಕಾವಿಗಿಟ್ಟು ನೀರಿನಂಶವನ್ನೆಲ್ಲ ತೆಗೆಯುತ್ತಿದ್ದರು. ಈಗಿನ ಬಿಸ್ಕತ್ತುಗಳು ಬಹುಮಟ್ಟಿಗೆ ಒಂದೇ ಸಲ ಬೇಯುವುವಾದರೂ ಹೆಸರು ಉಳಿದಿದೆ. ಎರಡು ಬಿಲ್ಲೆಗಳ ನಡುವೆ ಕ್ರೀಮು ಇಡುವ ಕರಿಯ ಬಿಸ್ಕತ್ತು ಇಪ್ಪತ್ತನೆಯ ಶತಮಾನದ ಸೃಷ್ಟಿ. ಅಮೆರಿಕದಲ್ಲಿ 1908ರಲ್ಲಿ ಹೈಡ್ರಾಕ್ಸ್ ಎಂಬುದೂ 1912ರಲ್ಲಿ ಓರಿಯೋ ಎಂಬುದೂ ಹೊರಟವು. ಇಂಗ್ಲೆಂಡಿನ ಬೋರ್ಬನ್ ಕೂಡ ಇದೇ ಕಾಲದ್ದು. ಫ್ರಾನ್ಸಿನ ರಾಜವಂಶವೊಂದರ ಹೆಸರು ಕಡೆಗೆ ನಮ್ಮ ಹಳ್ಳಿಯ ಚಹದ ಬಟ್ಟಲಿನ ಪಕ್ಕಕ್ಕೆ ಬಂದು ನಿಂತಿತು. ನಮ್ಮ ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಉಸ್ಮಾನಿಯಾ ಬಿಸ್ಕತ್ತು, ನಾನಖಟಾಯಿಗಳ ರುಚಿ ಪೇಟೆಯವರಿಗೆ ಹೊಸದಲ್ಲ. ನಾನು ಬಾಲಕನಾಗಿದ್ದಾಗ ಹಬ್ಬದ ಮುಂಚೆ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಬೇಕರಿಗೆ ಹೋಗಿ, ಅಲ್ಲಿಯ ಭಟ್ಟಿಯಲ್ಲಿ ನಾನಖಟಾಯಿ ಸುಡಿಸಿ ತರುತ್ತಿದ್ದರು. ಮಿಠಾಯಿಗಿಂತ ಆ ಭಟ್ಟಿಯ ಪರಿಮಳವೇ ನನಗೆ ಹೆಚ್ಚು ನೆನಪು.

ಚಾಕೊಲೇಟಿನ ವಿಚಾರ ಸ್ವಲ್ಪ ಹೇಳಬೇಕು. ಕೋಕೋ ಗಿಡಕ್ಕೆ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞನು 1753ರಲ್ಲಿ ಥಿಯೋಬ್ರೋಮ ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ದೇವತೆಗಳ ಅನ್ನವೆಂದರ್ಥ. ಆದರೆ ಈ ದೇವಾನ್ನವು ಸ್ವಭಾವತಃ ಕಹಿ! ಅದನ್ನು ಸಿಹಿಯೆಂದು ನಾವು ತಿಳಿದಿರುವುದು ಸಕ್ಕರೆಯ ಸಹವಾಸದಿಂದ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಬೀಜದ ಕೊಬ್ಬನ್ನು ಹಿಂಡಿ ತೆಗೆದು ಪುಡಿಯನ್ನು ಬೇರ್ಪಡಿಸುವ ಉಪಾಯ ಕಂಡರು. ಆ ಪುಡಿಗೆ ಕ್ಷಾರವನ್ನು ಕೂಡಿಸಿದರೆ ಬಣ್ಣ ಕಪ್ಪಾಗುವುದು, ಹುಳಿ ಕಡಮೆಯಾಗುವುದು. ಅಂಗಡಿಯ ಬಿಸ್ಕತ್ತಿನ ಇದ್ದಲಿನಂತಹ ಬಣ್ಣದ ರಹಸ್ಯವಿದು. ನಮ್ಮ ರಾಜ್ಯದಲ್ಲಿ ಕೋಕೋ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುವುದು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಕೃಷ್ಣಾತೀರದ ಸಜ್ಜೆಗೂ ನೇತ್ರಾವತಿಯ ಕಡೆಯ ಕೋಕೋಗೂ ವಳಕಮದಿನ್ನಿಯಲ್ಲಿ ಸಂಬಂಧ ಬೆಳೆಯಿತೆಂಬುದು ನನಗೆ ವಿನೋದವೆನಿಸಿತು.

ಸೊಸೆಯ ಮೊದಲ ಪ್ರಯತ್ನಗಳು ಹೇಗೆ ಕೆಟ್ಟವೆಂಬುದನ್ನು ಆಕೆಯೇ ನಕ್ಕು ವಿವರಿಸಿದಳು. ಮೊದಲ ಸಲ ಬರಿಯ ಸಜ್ಜೆಯ ಹಿಟ್ಟಿನಿಂದ ಮಾಡಿದಳು; ಎತ್ತಿದ ಕೈಯಲ್ಲಿಯೇ ಪುಡಿಯಾಯಿತು. ಗೋದಿಯಲ್ಲಿರುವ ಅಂಟು ಸಜ್ಜೆಯಲ್ಲಿಲ್ಲ. ಎರಡನೆಯ ಸಲ ಸಕ್ಕರೆಯನ್ನೇ ಹಾಕದೆ ಮಾಡಿದಳು. ಹುಡುಗನು ಅಂಗಳಕ್ಕೆ ಓಡಿಹೋಗಿ ಉಗುಳಿ, ಎರಡು ದಿನ ತಾಯಿಯನ್ನು ಸಂಶಯದಿಂದ ನೋಡಿದನು. ಮೂರನೆಯ ಸಲ ರುಚಿ ಸರಿಯಾಯಿತು. ಆದರೆ ಮರುದಿನ ಬಿಸ್ಕತ್ತು ಮೆತ್ತಗಾಗಿ ಹಳೆಯ ರೊಟ್ಟಿಯಂತೆ ನಾರಿತು. ಸಕ್ಕರೆಯ ಕೆಲಸ ಸಿಹಿ ಕೊಡುವುದೊಂದೇ ಅಲ್ಲ. ಹಿಟ್ಟಿನ ನೀರನ್ನು ತಾನು ಹೀರಿ ಅಂಟು ಬಲಿಯದಂತೆ ತಡೆಯುವುದು, ಕಾವಿಗೆ ಕರಗಿ ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗಿ ಗರಿಗರಿಕೆ ಕೊಡುವುದು, ಅಂಚಿಗೆ ಕೆಂಪು ಬಣ್ಣ ತರುವುದು, ಎಲ್ಲವೂ ಅದರ ಗುಣಗಳೇ. ಸಕ್ಕರೆಯನ್ನು ಕಡಮೆ ಮಾಡಿದವರು ಈ ನಷ್ಟವನ್ನು ಬೇರೆ ದಾರಿಯಿಂದ ತುಂಬಬೇಕು.

ಆ ದಾರಿ ಆಕೆಗೆ ದೊರೆತುದು ಪುಸ್ತಕದಿಂದಲ್ಲ, ಖಡಕ್ ರೊಟ್ಟಿಯಿಂದ. ಈ ಕಡೆಯ ಹೆಂಗಸರು ರೊಟ್ಟಿಯನ್ನು ಹಂಚಿನಲ್ಲಿ ಸುಟ್ಟ ಮೇಲೆ ಮತ್ತೆ ಒಲೆಯ ಬದಿಯ ಕಾವಿಗೆ ನಿಲ್ಲಿಸಿ ಒಣಗಿಸುವರು. ನೀರು ಹೋದ ರೊಟ್ಟಿ ವಾರಗಟ್ಟಲೆ ಹಪ್ಪಳದಂತಿರುವುದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಸಂಕ್ರಾಂತಿಯ ಕಾಲಕ್ಕೆ ಬುಟ್ಟಿಗಟ್ಟಲೆ ಹೀಗೆ ಮಾಡಿಡುವ ಮನೆಗಳಿವೆ. ಇದಲ್ಲವೇ ದ್ವಿಪಕ್ವ? ಯೂರೋಪಿನ ನಾವಿಕರು ಮಾಡಿದುದನ್ನೇ ನಮ್ಮ ಅಜ್ಜಿಯಂದಿರು ಹಂಚಿನ ಮುಂದೆ ಕುಳಿತು ಮಾಡುತ್ತಿದ್ದರು. ಬಿಸ್ಕತ್ತನ್ನೂ ಎರಡನೆಯ ಸಲ ಕಾವಿಗಿಟ್ಟರೆ ಹೇಗೆಂದು ಸೊಸೆಗೆ ಹೊಳೆಯಿತು. ಸಕ್ಕರೆ ಕೊಡದ ಗರಿಗರಿಕೆಯನ್ನು ಬೆಂಕಿ ಕೊಟ್ಟಿತು.

ನಾನು ಎದುರಿನಲ್ಲಿ ಕುಳಿತು ಬರೆದುಕೊಂಡ ವಿಧಾನವನ್ನು ವಾಚಕ ಸೋದರಿಯರ ಉಪಯೋಗಕ್ಕಾಗಿ ಕೊಡುವೆನು. ಸಜ್ಜೆಯ ಹಿಟ್ಟು 100 ಗ್ರಾಂ, ಗೋದಿಯ ಹಿಟ್ಟು 100 ಗ್ರಾಂ, ಸಿಹಿ ಕೂಡಿಸದ ಕೋಕೋ ಪುಡಿ 30 ಗ್ರಾಂ, ಪುಡಿಮಾಡಿದ ಸಕ್ಕರೆ 40 ಗ್ರಾಂ, ಬೆಣ್ಣೆ 80 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಮಚ, ಎರಡು ಚಿಟಿಕೆ ಉಪ್ಪು, ಕಲಸಲು ಮೂರು ನಾಲ್ಕು ಚಮಚ ಹಾಲು. ಸಜ್ಜೆಯ ಹಿಟ್ಟು ಅಂದು ಬೀಸಿದುದೇ ಆಗಿರಬೇಕು. ಈ ಧಾನ್ಯದಲ್ಲಿ ಎಣ್ಣೆಯಂಶ ಹೆಚ್ಚಾದುದರಿಂದ ಹಿಟ್ಟು ಕೆಲವೇ ದಿನಗಳಲ್ಲಿ ಕಮಟಿ ಕಹಿಯಾಗುವುದು. ಕಮಟಿದ ಹಿಟ್ಟಿಗೆ ಕೋಕೋವಿನ ಕಹಿ ಕೂಡಿದರೆ ತಿನ್ನುವವರಾರು? ಬೀಸಿದ ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದು ಆರಿಸುವುದು ಅವಶ್ಯ. ಉಪ್ಪನ್ನು ಅಲ್ಪವೆಂದು ಬಿಡಬಾರದು. ಕಹಿಯನ್ನು ಹಿಂದಕ್ಕೆ ತಳ್ಳುವುದರಲ್ಲಿ ಅದು ಸಕ್ಕರೆಗೆ ಸಹಾಯಕ.

ಬೆಣ್ಣೆ ಸಕ್ಕರೆಗಳನ್ನು ನುಣ್ಣಗೆ ನಾದಿ, ಜರಡಿಯಾಡಿದ ಹಿಟ್ಟು ಕೋಕೋಗಳನ್ನು ಕೂಡಿಸಿ, ಹಾಲು ಚಿಮುಕಿಸಿ ಉಂಡೆಗೆ ಬರುವಷ್ಟು ಮಾತ್ರ ಕಲಸಬೇಕು. ಚಪಾತಿಯ ಹಿಟ್ಟಿನಂತೆ ತಿಕ್ಕಿ ನಾದಿದರೆ ಬಿಸ್ಕತ್ತು ಬಿರುಸಾಗುವುದು. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಟ್ಟು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಮೂರು ರೂಪಾಯಿ ನಾಣ್ಯ ಪೇರಿಸಿದಷ್ಟು ದಪ್ಪಕ್ಕೆ ಲಟ್ಟಿಸಿ, ಐದು ಸೆಂಟಿಮೀಟರಿನ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದರೆ ನಲವತ್ತು ಬಿಲ್ಲೆಗಳಾಗುವುವು. ಒಡೆದ ತುಣುಕುಗಳನ್ನು ಮತ್ತೆ ಕೂಡಿಸಿ ಲಟ್ಟಿಸಬಹುದು.

ಆ ಮನೆಯಲ್ಲಿ ವಿದ್ಯುತ್ತಿನ ಓವನ್ ಇಲ್ಲ. ದಪ್ಪ ಕಬ್ಬಿಣದ ಕಡಾಯಿಯಲ್ಲಿ ತೊಳೆದು ಒಣಗಿಸಿದ ಮರಳನ್ನು ಎರಡು ಬೆರಳೆತ್ತರ ಹರಡಿ, ನಡುವೆ ಸಿಂಬೆಯಂತಹ ಕಬ್ಬಿಣದ ಬಳೆಯಿಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿದಳು. ಬಿಲ್ಲೆಗಳನ್ನು ತಟ್ಟೆಯಲ್ಲಿ ಹರಡಿ ಬಳೆಯ ಮೇಲಿಟ್ಟು, ಮಧ್ಯಮ ಉರಿಯಲ್ಲಿ ಸುಮಾರು ಹದಿನೆಂಟು ನಿಮಿಷ. ಬಣ್ಣ ಮೊದಲೇ ಕಪ್ಪಾಗಿರುವುದರಿಂದ ಬೆಂದುದನ್ನು ಕಣ್ಣಿನಿಂದ ತಿಳಿಯಲಾಗದು; ಮೂಗನ್ನೂ ಬೆರಳನ್ನೂ ನಂಬಬೇಕು. ಅಂಚು ಗಟ್ಟಿಯಾಗಿ ನಡುವೆ ಸ್ವಲ್ಪ ಮೆತ್ತಗಿರುವಾಗಲೇ ತೆಗೆಯತಕ್ಕದ್ದು, ಆರಿದಂತೆ ಬಿಗಿಯುವುದು. ಎಲ್ಲವೂ ಬೆಂದ ಮೇಲೆ ಉರಿಯನ್ನು ಅತಿ ಸಣ್ಣದಾಗಿಸಿ, ಮುಚ್ಚಳವನ್ನು ಓರೆಯಾಗಿಟ್ಟು, ಬಿಲ್ಲೆಗಳನ್ನು ಮತ್ತೆ ಹತ್ತು ಹನ್ನೆರಡು ನಿಮಿಷ ಕಾವಿಗಿಡುವುದೇ ಆಕೆಯ ಖಡಕ್ ರೊಟ್ಟಿಯ ಉಪಾಯ. ಮುಚ್ಚಳ ಓರೆಯಾಗಿರದಿದ್ದರೆ ಹಬೆ ಒಳಗೇ ಉಳಿದು ಕೆಲಸ ಕೆಡುವುದು.

ನಡುವಿನ ಹೂರಣದ ವಿಷಯದಲ್ಲಿ ಬಿಸಿಲು ಸಲಹೆ ಕೊಟ್ಟಿತೆನ್ನಬೇಕು. ಕೋಕೋವಿನ ಕೊಬ್ಬು ಸುಮಾರು 34 ಡಿಗ್ರಿಯೊಳಗೆ ಕರಗುವುದು. ರಾಯಚೂರು ಸೀಮೆಯ ಬೇಸಗೆ ನಲವತ್ತನ್ನು ದಾಟುವುದು ಸರ್ವೇಸಾಮಾನ್ಯ. ಬೆಣ್ಣೆಯ ಕ್ರೀಮಾಗಲಿ ಚಾಕೊಲೇಟಿನ ಲೇಪವಾಗಲಿ ಇಲ್ಲಿ ನಿಲ್ಲದು. ಆಕೆ ಆರಿಸಿದುದು ಶೇಂಗಾ. 100 ಗ್ರಾಂ ಶೇಂಗಾವನ್ನು ಹುರಿದು ಸಿಪ್ಪೆ ತೆಗೆದು, ಎಣ್ಣೆ ಬಿಡುವವರೆಗೆ ಒರಳಿನಲ್ಲಿ ಕುಟ್ಟಿ, 10 ಗ್ರಾಂ ಕೋಕೋ, 15 ಗ್ರಾಂ ಸಕ್ಕರೆ ಪುಡಿ, ಎರಡು ಏಲಕ್ಕಿಗಳನ್ನು ಕೂಡಿಸಿದಳು. ಶೇಂಗಾ ಹಿಂಡಿಗೂ ಹೋಳಿಗೆಗೂ ದಿನವಿಡೀ ಶೇಂಗಾ ಕುಟ್ಟುವ ಕೈಗಳಿಗೆ ಇದನ್ನು ಕಲಿಸಬೇಕಾಗಿಲ್ಲ. ಮಿಕ್ಸಿಯಲ್ಲಿಯೂ ಆಗುವುದು, ಆ ದಿನ ವಿದ್ಯುತ್ತಿರಲಿಲ್ಲ.

ಈಗ ಲೆಕ್ಕ. ನಲವತ್ತು ಬಿಲ್ಲೆಗಳಿಂದ ಇಪ್ಪತ್ತು ಜೋಡಿ. ಸಕ್ಕರೆ ಒಟ್ಟು 55 ಗ್ರಾಂ. ಎಂದರೆ ಒಂದು ಜೋಡಿಗೆ ಮೂರು ಗ್ರಾಮಿಗಿಂತ ಕೊಂಚ ಕಡಮೆ. ಅಷ್ಟೇ ತೂಕದ ಅಂಗಡಿಯ ಬಿಸ್ಕತ್ತಿನಲ್ಲಿ ಎಂಟೊಂಬತ್ತು ಗ್ರಾಂ. ಇದು ಸಂತೋಷದ ಭಾಗ. ಆದರೆ ಹಿಟ್ಟು ಕೂಡ ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದೆಂಬುದನ್ನು ಮಧುಮೇಹದ ಮನೆಯವರು ಮರೆಯಬಾರದು. ಹಿಟ್ಟು, ಶೇಂಗಾ, ಸಕ್ಕರೆಗಳೆಲ್ಲವನ್ನೂ ಸೇರಿಸಿದರೆ ಜೋಡಿಯೊಂದಕ್ಕೆ ಸುಮಾರು ಹತ್ತು ಗ್ರಾಂ ಪಿಷ್ಟ ಶರ್ಕರಗಳಾಗುವುವು. ಅಂಗಡಿಯದರಲ್ಲಿ ಹದಿನಾರರ ಆಸುಪಾಸು. ಬೆಣ್ಣೆ ಶೇಂಗಾಗಳಿರುವುದರಿಂದ ಶಕ್ತಿಯ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ‘ಸಕ್ಕರೆ ರೋಗಿಗಳು ಯಥೇಚ್ಛವಾಗಿ ತಿನ್ನಬಹುದು’ ಎಂದು ಸಾರುವ ತಿಂಡಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಇದಕ್ಕೂ ಆ ಪ್ರಶಸ್ತಿಯನ್ನು ಕೊಡಲಾರೆನು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊಟ್ಟ ಸೂಚನೆಯಂತೆ ಆರೋಗ್ಯವಂತರಿಗೇ ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಸಕ್ಕರೆ ನಿಲ್ಲುವುದು ಉತ್ತಮ. ನಾನು ಈ ಅಂಕಿಗಳನ್ನೆಲ್ಲ ಚೀಟಿಯಲ್ಲಿ ಬರೆದು, ತಂಗಿಯೊಡನೆ ಲಿಂಗಸುಗೂರಿಗೆ ಹೋಗಿ ವೈದ್ಯರ ಮುಂದಿಟ್ಟೆನು. ಅವರು ಓದಿ, ದಿನಕ್ಕೆ ಒಂದೇ ಜೋಡಿ, ಅದೂ ರಾತ್ರಿಯ ರೊಟ್ಟಿಯಲ್ಲಿ ಕಾಲು ಭಾಗ ಕಡಮೆ ಮಾಡಿ, ಎಂದು ಅನುಮತಿಯಿತ್ತರು.

ಇನ್ನು ಉಳಿದವನು ಮುಖ್ಯ ಪರೀಕ್ಷಕ. ಸಾಯಂಕಾಲ ಹುಡುಗನ ಮುಂದೆ ತಟ್ಟೆಯನ್ನಿಟ್ಟಾಗ ಮನೆಯವರೆಲ್ಲರೂ ಕೆಲಸ ನಿಲ್ಲಿಸಿ ನಿಂತರು. ಮೊದಲ ಮಾತೇ ಆಕ್ಷೇಪಣೆ: “ತಾತಾ, ಇದು ಕರಿ ಇಲ್ಲ, ಮಣ್ಣಿನ ಬಣ್ಣ ಐತಿ.” ಕ್ಷಾರ ಕೂಡಿಸದ ಕೋಕೋವಿಗೆ ಕಂದು ಬಣ್ಣವೇ ಸಹಜವೆಂದು ನಾನು ವ್ಯಾಖ್ಯಾನ ಮಾಡತೊಡಗಿದೆನು; ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಎಂದಿನಂತೆ ಬಿಸ್ಕತ್ತನ್ನು ತಿರುವಿದನು. ಅಂಗಡಿಯ ಕ್ರೀಮು ಒಂದು ಬಿಲ್ಲೆಯಿಂದ ನಯವಾಗಿ ಜಾರಿ ಇನ್ನೊಂದಕ್ಕೆ ಅಂಟಿಕೊಳ್ಳುವುದು. ಶೇಂಗಾದ ಹೂರಣಕ್ಕೆ ಆ ನಯವಿಲ್ಲ. ನಡುವೆಯೇ ಹರಿದು ಅರ್ಧ ಇತ್ತ, ಅರ್ಧ ಅತ್ತ ಉಳಿಯಿತು. ಹುಡುಗನು ಎರಡನ್ನೂ ತಿರುಗಿಸಿ ನೋಡಿದನು. ಯಾವುದು ತನ್ನದು, ಯಾವುದು ಅಜ್ಜಿಯದೆಂಬ ಹಳೆಯ ನ್ಯಾಯ ಇಲ್ಲಿ ನಡೆಯಲಿಲ್ಲ. ಸ್ವಲ್ಪ ಹೆಚ್ಚು ಹೂರಣವಿದ್ದುದನ್ನು ನೆಕ್ಕಿ ಸಮಮಾಡಿ, “ಅಜ್ಜೀ, ನಿನಗೂ ಬಂತು ನೋಡು” ಎಂದು ಕೊಟ್ಟನು. ಆಕೆ ತಿಂದಳು. ಎರಡನೆಯದನ್ನು ಬಿಡಿಸಿದಾಗ ತಂಗಿ ಕೈಯೊಡ್ಡಿ, ಇನ್ನೊಂದು ಬಿಲ್ಲೆಯನ್ನೂ ಪಡೆದು, “ಇವತ್ತಿಗೆ ನನ್ನ ಪಾಲು ಮುಗೀತು, ಡಾಕ್ಟ್ರು ಎರಡು ಬಿಲ್ಲಿ ಅಂದಾರ” ಎಂದಳು. ಹುಡುಗನು ಅದನ್ನು ಆಟದ ನಿಯಮವೆಂದು ಒಪ್ಪಿಕೊಂಡನು. ಅಂದಿನಿಂದ ಅಜ್ಜಿಯ ಎಣಿಕೆಗೆ ಅವನೇ ಕಾವಲುಗಾರ.

ನಾನು ಅಲ್ಲಿ ಹನ್ನೊಂದು ದಿನ ಉಳಿದೆನು. ಹೊರಡುವಾಗ ಗಾಯದ ಅಂಚು ಕೆಂಪೇರಿ ಕೂಡಿಕೊಳ್ಳುತ್ತಿದ್ದಿತು. ಹೊಸ ಮಾತ್ರೆ, ದಿನವೂ ತೊಳೆದು ಕಟ್ಟುವ ಬಟ್ಟೆ, ಹೊಲಕ್ಕೆ ಹೋಗದೆ ಕಾಲಿಗೆ ಕೊಟ್ಟ ವಿಶ್ರಾಂತಿ, ಇವುಗಳ ಫಲವದು. ಬಿಸ್ಕತ್ತಿನ ಮಹಿಮೆಯೆಂದು ಬರೆದರೆ ಅಸತ್ಯವಾದೀತು. ಆ ಮಾಸದ ರಕ್ತಪರೀಕ್ಷೆಯ ಫಲವನ್ನು ಸೊಸೆಯು ಫೋನಿನಲ್ಲಿ ತಿಳಿಸಿದಳು. ಅಂಕಿ ಇಳಿದಿದೆ, ವೈದ್ಯರು ಬಯಸುವಷ್ಟು ಇನ್ನೂ ಇಳಿದಿಲ್ಲ. ಬೆರಳನ್ನು ತೆಗೆಯುವ ಮಾತನ್ನು ಅವರು ಸದ್ಯಕ್ಕೆ ಎತ್ತಿಲ್ಲ.

ಮಾಡಿನೋಡುವವರಿಗೆ ಒಂದೆರಡು ಸೂಚನೆ ಉಳಿದಿವೆ. ಬಿಲ್ಲೆಗಳನ್ನು ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಎಂಟು ಹತ್ತು ದಿನ ಗರಿಗರಿಯಾಗಿರುವುವು. ಹೂರಣವನ್ನು ಮೊದಲೇ ತುಂಬಿಡಬಾರದು. ಬಿಲ್ಲೆಯು ಎಣ್ಣೆಯನ್ನು ಹೀರಿ ಮೆತ್ತಗಾಗುವುದು. ಅದನ್ನು ಬೇರೆ ಬಟ್ಟಲಿನಲ್ಲಿಟ್ಟು, ತಿನ್ನುವ ಹೊತ್ತಿಗೆ ಅರ್ಧ ಚಮಚ ಹಚ್ಚಿ ಒತ್ತಬೇಕು. ಮಳೆಗಾಲದಲ್ಲಿ ಡಬ್ಬಿಯ ತಳಕ್ಕೆ ಹುರಿದ ಅಕ್ಕಿಯ ಸಣ್ಣ ಗಂಟೊಂದನ್ನು ಹಾಕುವುದು ಸೊಸೆಯ ರೂಢಿ. ಸಜ್ಜೆ ಸಿಕ್ಕದ ಊರಿನವರು ರಾಗಿಯ ಹಿಟ್ಟನ್ನು ಇದೇ ಪ್ರಮಾಣದಲ್ಲಿ ಹುರಿದು ಬಳಸಬಹುದು; ಅದಕ್ಕೆ ಹಾಲು ಒಂದು ಚಮಚ ಹೆಚ್ಚು ಬೇಕಾಗುವುದು, ಬಣ್ಣವೂ ಕೊಂಚ ಗಾಢವಾಗಿ ಬರುವುದು.